ಟೈಮ್ ಹಾಕದೆ ಒಂದು ನಂಬರ್ ಕೂಡ ಶೇರ್ ಮಾಡ್ಬೇಡಿ: ಸಾಂಕ್ರಾಮಿಕದ ಹೊತ್ತಲ್ಲಿ ಜನರೇ ಸೇರಿ ಸರಿಯಾದ ಮಾಹಿತಿ ಹಂಚೋದು ಹೇಗೆ

2021ರ ಏಪ್ರಿಲ್ ಕೊನೆ ವಾರ, ಕೋವಿಡ್ ಎರಡನೇ ಅಲೆ ಜೋರಾಗಿದ್ದ ಹೊತ್ತು, ರಾತ್ರಿ ಒಂದೂಮುಕ್ಕಾಲು ಇರ್ಬೇಕು, ಬೆಂಗಳೂರಿನ ಪೀಣ್ಯದಲ್ಲಿ ಆಕ್ಸಿಜನ್ ಸಿಲಿಂಡರ್ ಸಿಗತ್ತೆ ಅಂತ ನಾಲ್ಕು ಗ್ರೂಪಲ್ಲಿ ಓಡಾಡ್ತಿದ್ದ ಒಂದು ನಂಬರಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ್ರು. "ನೋಡಮ್ಮಾ, ನಂದು ವೆಲ್ಡಿಂಗ್ ಗ್ಯಾಸ್ ಅಂಗಡಿ, ಇದ್ದ ಆರು ಸಿಲಿಂಡರ್ ನಾಲ್ಕು ದಿನದ ಹಿಂದೇನೇ ಕೊಟ್ಬಿಟ್ಟೆ, ಅವತ್ತಿಂದ ಫೋನ್ ನಿಂತಿಲ್ಲ, ಮಾಡಿದೋರೆಲ್ಲಾ ಅಳ್ತಾರೆ, ನಾನೇನ್ ಮಾಡ್ಲಿ ಹೇಳು" ಅಂದ್ರು. ಅವರ ಗಂಟಲೂ ಕಟ್ಟಿತ್ತು.

ಆ ಮೆಸೇಜಲ್ಲಿ ಸುಳ್ಳು ಒಂದಕ್ಷರ ಇರ್ಲಿಲ್ಲ. ನಾಲ್ಕು ದಿನದ ಹಿಂದೆ ಅದು ನಿಜಾನೇ, ಯಾರೋ ಒಳ್ಳೆ ಮನಸ್ಸಿಂದಾನೇ ಹಾಕಿದ್ರು. ಇಲ್ದೇ ಇದ್ದಿದ್ದು ಎರಡೇ, ಯಾವಾಗ ಚೆಕ್ ಮಾಡಿದ್ದು ಅನ್ನೋದು ಮತ್ತೆ ಯಾರು ಚೆಕ್ ಮಾಡಿದ್ದು ಅನ್ನೋದು. ಆ ಎರಡು ಇಲ್ದಿದ್ದಕ್ಕೆ ಒಂದು ನಿಜವಾದ ಮಾಹಿತಿ ನಾಲ್ಕೇ ದಿನದಲ್ಲಿ ಸುಳ್ಳಾಗಿ ನೂರಾರು ಮನೆಯವರ ಟೈಮ್ ತಿಂತು, ಆ ಹೊತ್ತಲ್ಲಿ ಟೈಮ್ ಅಂದ್ರೆ ಏನು ಅಂತ ಅದನ್ನ ನೋಡಿದೋರಿಗೆ ಹೇಳ್ಬೇಕಾಗಿಲ್ಲ. ಮೇ 5ನೇ ತಾರೀಕು ಕರ್ನಾಟಕದಲ್ಲಿ ಒಂದೇ ದಿನಕ್ಕೆ 50 ಸಾವಿರಕ್ಕೂ ಜಾಸ್ತಿ ಕೇಸ್ ಬಂದಿತ್ತು, ಅದಕ್ಕೂ ಎರಡು ಮೂರು ದಿನ ಮುಂಚೆ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ದುರಂತ.

ಆವಾಗ ನಾನೂ ಒಂದು ಚಿಕ್ಕ ಗುಂಪಲ್ಲಿ ಕೂತು ಫೋನ್ ಮಾಡ್ತಿದ್ದೆ, ನಾವು ಒಟ್ಟು ಹದಿನಾಲ್ಕು ಜನ, ಯಾರೂ ಡಾಕ್ಟರಲ್ಲ. ಮಾಡಿದ ತಪ್ಪಿಂದ ಕಲ್ತಿದ್ದನ್ನ ಇಲ್ಲಿ ಬರೀತಿದ್ದೀನಿ. ಮುಂದೆ ಇಂಥದ್ದು ಬಂದಾಗ, ಅಥವಾ ಡೆಂಗಿ ಥರದ್ದು ಜೋರಾದಾಗ ಕೂಡ (2024ರಲ್ಲಿ ನಮ್ಮ ಸರ್ಕಾರ ಡೆಂಗಿನ ಸಾಂಕ್ರಾಮಿಕ ರೋಗ ಅಂತ ಘೋಷಣೆ ಮಾಡ್ಬೇಕಾಯ್ತು, ನೆನಪಿರಬಹುದು), ಯಾರಾದ್ರೂ ಒಂದು ಗ್ರೂಪ್ ಮಾಡೋಕೆ ಕೂತ್ರೆ ಇದನ್ನ ಓದ್ಕೊಂಡು ಶುರು ಮಾಡ್ಲಿ ಅಂತ.

ಮೊದ್ಲು ನಿಮ್ಮ ಕೆಲ್ಸ ಯಾವುದು ಅಂತ ಗಟ್ಟಿ ಮಾಡ್ಕೊಳ್ಳಿ

ಎಲ್ರೂ ಮಾಡೋ ಮೊದಲನೇ ತಪ್ಪು, ಗ್ರೂಪ್ ಶುರು ಮಾಡಿದ ದಿನವೇ ಬೆಡ್, ಆಕ್ಸಿಜನ್, ಊಟ, ಆಂಬುಲೆನ್ಸ್, ಔಷಧಿ, ಲಸಿಕೆ, ಎಲ್ಲಾ ಜಿಲ್ಲೆ, ಎಲ್ಲದಕ್ಕೂ ಕೈ ಹಾಕೋದು. ಎರಡು ದಿನಕ್ಕೆ ಶೀಟಲ್ಲಿ ಎಂಟುನೂರು ಸಾಲು ಆಗತ್ತೆ, ಅದ್ರಲ್ಲಿ ಚೆಕ್ ಮಾಡಿದ್ದು ಅರವತ್ತು. ಅದ್ರ ಬದ್ಲು ಒಂದೇ ಊರು, ಒಂದೋ ಎರಡೋ ವಿಷಯ ಹಿಡ್ಕೊಳ್ಳಿ. ಉದಾಹರಣೆಗೆ ದಾವಣಗೆರೆಯಲ್ಲಿ ಆಕ್ಸಿಜನ್ ರೀಫಿಲ್ ಮಾತ್ರ, ಅಥವಾ ನಿಮ್ಮ ವಾರ್ಡಲ್ಲಿ ಐಸೋಲೇಶನ್ ಆದ ಮನೆಗಳಿಗೆ ಊಟ ಯಾರು ಕೊಡ್ತಾರೆ ಅನ್ನೋದು ಮಾತ್ರ. ಚಿಕ್ಕದಾಗಿ ಇದ್ರೆ ಪೂರ್ತಿ ಚೆಕ್ ಮಾಡಬಹುದು, ಪೂರ್ತಿ ಚೆಕ್ ಆಗಿದ್ದ ಇಪ್ಪತ್ತು ಸಾಲಿನ ಪಟ್ಟಿ ಎಂಟುನೂರು ಸಾಲಿನ ಪಟ್ಟಿಗಿಂತ ಸಾವಿರ ಪಾಲು ಮೇಲು.

ಜನರೇ ಸೇರಿ ಮಾಡೋ ಈ ಕೆಲ್ಸ ಹೊಸದೇನಲ್ಲ. ಕೀನ್ಯಾದಲ್ಲಿ 2007ರ ಡಿಸೆಂಬರ್ ಚುನಾವಣೆ ಆದ್ಮೇಲೆ ಗಲಾಟೆ ಆದಾಗ ಎಲ್ಲಿ ಏನಾಗ್ತಿದೆ ಅಂತ ಜನ ಎಸ್ಸೆಮ್ಮೆಸ್ಸಲ್ಲಿ ಹೇಳಿದ್ದನ್ನ ಮ್ಯಾಪ್ ಮೇಲೆ ಹಾಕೋಕೆ ಉಷಾಹಿದಿ ಅಂತ ಒಂದು ಸೈಟ್ ಶುರುವಾಯ್ತು, ಆ ಪದಕ್ಕೆ ಸ್ವಾಹಿಲಿಯಲ್ಲಿ ಸಾಕ್ಷಿ ಹೇಳಿಕೆ ಅಂತಾನೇ ಅರ್ಥ. ನಮ್ಮ ದೇಶದಲ್ಲಿ 2020ರ ಮಾರ್ಚಲ್ಲಿ ಶುರುವಾದ ಕೋವಿಡ್19ಇಂಡಿಯಾ ಡಾಟ್ ಆರ್ಗ್ ಎಲ್ರಿಗೂ ಗೊತ್ತಿರೋದೇ, ದಿನಾ ಕೇಸ್ ಎಷ್ಟು ಅಂತ ನಾವೆಲ್ಲ ತೆಗೆದು ನೋಡ್ತಿದ್ದ ಆ ಸೈಟನ್ನ ನಡೆಸ್ತಿದ್ದಿದ್ದು ವಾಲಂಟಿಯರ್‌ಗಳು. ಅವರು ಯಾರೋ ಹೇಳಿದ್ರು ಅಂತ ನಂಬರ್ ಹಾಕ್ತಿರಲಿಲ್ಲ, ರಾಜ್ಯಗಳ ಬುಲೆಟಿನ್, ಅಧಿಕೃತ ಖಾತೆಗಳಲ್ಲಿ ಬಂದಿದ್ದನ್ನ ನೋಡಿ ಹಾಕ್ತಿದ್ರು. ಅದ್ರಿಂದ ಕಲಿಯೋದು ಇಷ್ಟು, ನೂರು ಕೈ ಸೇರಬಹುದು, ಆದ್ರೆ ಹಾಕೋ ಪ್ರತಿ ಅಂಕಿಗೂ ಒಂದು ಮೂಲ ಇರ್ಬೇಕು, ಅದನ್ನ ಯಾರು ಬೇಕಾದ್ರೂ ತೆಗೆದು ನೋಡೋ ಹಾಗಿರ್ಬೇಕು.

ಶೀಟ್ ಹೇಗೆ ಮಾಡೋದು

ಗೂಗಲ್ ಶೀಟ್ ಸಾಕು, ಆಪ್ ಮಾಡ್ತೀನಿ ವೆಬ್‌ಸೈಟ್ ಮಾಡ್ತೀನಿ ಅಂತ ಮೊದಲನೇ ವಾರ ಹಾಳು ಮಾಡ್ಬೇಡಿ. ಶೀಟ್ ಎಲ್ರಿಗೂ ನೋಡೋಕೆ ಮಾತ್ರ ಓಪನ್ ಇರ್ಲಿ, ಎಡಿಟ್ ಮಾಡೋ ಪರ್ಮಿಶನ್ ನೀವು ಮುಖ ನೋಡಿರೋ ಹತ್ತು ಹನ್ನೆರಡು ಜನಕ್ಕೆ ಅಷ್ಟೇ. ಹೊರಗಿನೋರು ಮಾಹಿತಿ ಕೊಡ್ಬೇಕಂದ್ರೆ ಒಂದು ಗೂಗಲ್ ಫಾರ್ಮ್ ಇಡಿ, ಅದು ಬೇರೆ ಟ್ಯಾಬಲ್ಲಿ ಬಂದು ಬೀಳ್ಲಿ, ಚೆಕ್ ಆಗೋವರೆಗೂ ಆ ಟ್ಯಾಬ್ ಪಬ್ಲಿಕ್ಕಿಗೆ ಕಾಣಬಾರದು. ನಾವು ಶುರುವಲ್ಲಿ ಲಿಂಕ್ ಇದ್ದೋರೆಲ್ಲಾ ಎಡಿಟ್ ಮಾಡ್ಬಹುದು ಅಂತ ಬಿಟ್ಟಿದ್ವಿ, ಮೂರನೇ ದಿನ ಯಾರೋ ಸಾರ್ಟ್ ಮಾಡೋಕೆ ಹೋಗಿ ಒಂದು ಕಾಲಂ ಮಾತ್ರ ಸಾರ್ಟ್ ಮಾಡಿ, ಎಲ್ಲಾ ಫೋನ್ ನಂಬರ್ ಬೇರೆ ಬೇರೆ ಹೆಸರ ಮುಂದೆ ಹೋಗಿ ಕೂತಿತ್ತು. ವರ್ಷನ್ ಹಿಸ್ಟರಿ ಇದ್ದಿದ್ದಕ್ಕೆ ಬಚಾವಾದ್ವಿ, ಆದ್ರೂ ಅಷ್ಟರಲ್ಲಿ ನಲವತ್ತು ನಿಮಿಷ ಆಗಿತ್ತು, ಆ ನಲವತ್ತು ನಿಮಿಷದಲ್ಲಿ ಯಾರ್ಯಾರು ರಾಂಗ್ ನಂಬರಿಗೆ ಫೋನ್ ಮಾಡಿದ್ರೋ ಅಂತ ನನಗೆ ಈಗ್ಲೂ ಚುಚ್ಚತ್ತೆ.

ಕಾಲಂಗಳು ಹೀಗಿರ್ಲಿ: ಏನು, ಎಲ್ಲಿ (ಏರಿಯಾ ಹೆಸರಿನ ಜೊತೆ ಪಿನ್‌ಕೋಡ್), ಫೋನ್, ಯಾರು ಎತ್ತಿದ್ರು, ಏನು ಹೇಳಿದ್ರು (ಅವರು ಹೇಳಿದ ಮಾತಲ್ಲೇ), ಚೆಕ್ ಮಾಡಿದ ತಾರೀಕು ಮತ್ತು ಟೈಮು, ಚೆಕ್ ಮಾಡಿದೋರ ಹೆಸರು, ಸ್ಟೇಟಸ್. ಸ್ಟೇಟಸ್ಸಿಗೆ ಡ್ರಾಪ್‌ಡೌನ್ ಇಡಿ, ಇದೆ, ಇಲ್ಲ, ಎತ್ತಲಿಲ್ಲ, ರಾಂಗ್ ನಂಬರ್, ಮೋಸ, ಇಷ್ಟೇ ಆಯ್ಕೆ. ಇಲ್ಲಾಂದ್ರೆ ಒಬ್ಬರು "ಅವೈಲೆಬಲ್" ಅಂತಾರೆ, ಇನ್ನೊಬ್ಬರು "ಇದೆ ಅನ್ಸತ್ತೆ" ಅಂತ ಬರೀತಾರೆ, ಆಮೇಲೆ ಫಿಲ್ಟರ್ ಮಾಡೋಕಾಗಲ್ಲ. ಟೈಮ್ ಹಾಕೋಕೆ ಕಂಪ್ಯೂಟರಲ್ಲಿ ಕಂಟ್ರೋಲ್, ಶಿಫ್ಟ್, ಸೆಮಿಕೋಲನ್ ಮೂರೂ ಒಟ್ಟಿಗೆ ಒತ್ತಿದ್ರೆ ಆ ಹೊತ್ತಿನ ಟೈಮ್ ತಾನೇ ಬಂದು ಕೂರತ್ತೆ, ಶಿಫ್ಟ್ ಬಿಟ್ಟು ಒತ್ತಿದ್ರೆ ತಾರೀಕು. ಇದನ್ನ ಎಲ್ರಿಗೂ ಮೊದಲನೇ ದಿನವೇ ಕಲಿಸಿ, ಯಾಕಂದ್ರೆ ಟೈಪ್ ಮಾಡೋದು ಕಷ್ಟ ಅನ್ಸಿದ್ರೆ ನಡುರಾತ್ರಿ ಯಾರೂ ಟೈಮ್ ಹಾಕಲ್ಲ.

ಆಮೇಲೆ "ಈಗ ಯಾರು ಕಾಲ್ ಮಾಡ್ತಿದ್ದಾರೆ" ಅಂತ ಒಂದು ಚಿಕ್ಕ ಕಾಲಂ. ಇದು ತುಂಬಾ ಮುಖ್ಯ. ಒಂದೇ ಆಸ್ಪತ್ರೆ ರಿಸೆಪ್ಶನ್ನಿಗೆ ನಮ್ಮ ಗುಂಪಿಂದಾನೇ ಹತ್ತು ನಿಮಿಷದಲ್ಲಿ ಐದು ಜನ ಫೋನ್ ಮಾಡಿದ್ರೆ, ನಿಜವಾಗ್ಲೂ ಪೇಷೆಂಟ್ ಇಟ್ಕೊಂಡಿರೋರಿಗೆ ಲೈನ್ ಸಿಗಲ್ಲ. ಕಾಲ್ ಮಾಡೋಕೆ ಮುಂಚೆ ನಿಮ್ಮ ಹೆಸರು ಹಾಕಿ, ಮುಗಿದ್ಮೇಲೆ ತೆಗೀರಿ.

ಪ್ರತಿ ವಿಷಯಕ್ಕೂ ಒಂದು ಆಯಸ್ಸು ಇದೆ. ನಾವು ಇಟ್ಕೊಂಡಿದ್ದು ಹೀಗೆ, ಐಸಿಯು ಬೆಡ್ ಅರ್ಧ ಗಂಟೆ, ಆಕ್ಸಿಜನ್ ಎರಡು ಗಂಟೆ, ಆಂಬುಲೆನ್ಸ್ ಅರ್ಧ ದಿನ, ಊಟ ಕೊಡೋರು ಎರಡು ದಿನ. ಅಷ್ಟು ಹೊತ್ತು ದಾಟಿದ್ರೆ ಆ ಸಾಲು ತಾನಾಗೇ ಬೂದು ಬಣ್ಣಕ್ಕೆ ಹೋಗೋ ಹಾಗೆ ಕಂಡಿಶನಲ್ ಫಾರ್ಮ್ಯಾಟಿಂಗ್ ಹಾಕಿ. ಬೂದು ಆಗಿರೋದನ್ನ ಯಾರಿಗೂ ಕಳಿಸಬಾರದು, ಮತ್ತೆ ಕಾಲ್ ಮಾಡಿ ಹೌದು ಅಂದ್ಮೇಲೇನೇ ಕಳಿಸ್ಬೇಕು.

ಫೋನಲ್ಲಿ ಏನು ಕೇಳೋದು

ಇಲ್ಲೇ ಇರೋದು ಎಲ್ಲಾ. "ಬೆಡ್ ಇದ್ಯಾ ಸಾರ್" ಅಂತ ಕೇಳಿದ್ರೆ "ಇದೆ" ಅಂತಾರೆ, ಪೇಷೆಂಟ್ ಕರ್ಕೊಂಡು ಹೋದ್ರೆ ಅದು ಜನರಲ್ ಬೆಡ್ಡು, ಬೇಕಾಗಿದ್ದಿದ್ದು ಐಸಿಯು. ಬೆಂಗಳೂರಲ್ಲಿ ಆವಾಗ ನಾಲ್ಕು ಥರ ಲೆಕ್ಕ ಇತ್ತು, ಜನರಲ್, ಆಕ್ಸಿಜನ್ ಇರೋ ಎಚ್‌ಡಿಯು, ಐಸಿಯು, ವೆಂಟಿಲೇಟರ್ ಇರೋ ಐಸಿಯು. ಯಾವುದು ಅಂತ ಹೆಸರು ಹಿಡಿದೇ ಕೇಳ್ಬೇಕು. ಸರ್ಕಾರಿ ಕೋಟಾ ಬೆಡ್ಡಾ ಪ್ರೈವೇಟ್ ಬೆಡ್ಡಾ ಅಂತಾನೂ ಕೇಳ್ಬೇಕು, ಯಾಕಂದ್ರೆ ಸರ್ಕಾರಿ ಕೋಟಾ ಆದ್ರೆ 1912 ಸಹಾಯವಾಣಿ ಅಥವಾ ಬೆಡ್ ಹಂಚ್ತಿದ್ದ ವಾರ್ ರೂಮ್ ಮೂಲಕಾನೇ ಅಲಾಟ್ ಆಗ್ಬೇಕಿತ್ತು, ಅದಕ್ಕೆ ಬಿಯು ನಂಬರ್ (ಬೆಂಗಳೂರಲ್ಲಿ ಪಾಸಿಟಿವ್ ಬಂದೋರಿಗೆ ಕೊಡ್ತಿದ್ದ ಗುರುತಿನ ನಂಬರ್) ಬೇಕಿತ್ತು, ನೇರವಾಗಿ ಹೋದ್ರೆ ಗೇಟಲ್ಲೇ ವಾಪಸ್. ಮುಂದಿನ ಸಲ ಈ ಹೆಸರು ನಂಬರ್ ಎಲ್ಲಾ ಬದಲಾಗಿರತ್ತೆ, ಆದ್ರೆ ಈ ಥರದ ಒಂದು ಬಾಗಿಲು ಇದ್ದೇ ಇರತ್ತೆ, ಅದು ಯಾವುದು ಅಂತ ಮೊದಲನೇ ದಿನವೇ ತಿಳ್ಕೊಂಡು ಶೀಟಿನ ಮೇಲ್ಗಡೆ ದೊಡ್ಡದಾಗಿ ಬರೆದಿಡಿ.

ಕೇಳೋ ಪ್ರಶ್ನೆ ಹೀಗಿರ್ಲಿ: "ಸಾರ್, ಈಗ ಈ ಹೊತ್ತಲ್ಲಿ, ಸ್ಯಾಚುರೇಶನ್ 86 ಇರೋ ಪೇಷೆಂಟನ್ನ ಮುಕ್ಕಾಲು ಗಂಟೆಯಲ್ಲಿ ಕರ್ಕೊಂಡು ಬಂದ್ರೆ ಅಡ್ಮಿಟ್ ಮಾಡ್ಕೊತೀರಾ? ಯಾರನ್ನ ಕೇಳ್ಬೇಕು?" (ಸ್ಯಾಚುರೇಶನ್ ಅಂದ್ರೆ ರಕ್ತದಲ್ಲಿರೋ ಆಕ್ಸಿಜನ್ ಮಟ್ಟ.) ಈ ಥರ ಕೇಳಿದ್ರೆ ಅವರೂ "ಒಂದ್ನಿಮಿಷ ಇರಿ" ಅಂತ ಒಳಗೆ ಕೇಳಿ ಬಂದು ಹೇಳ್ತಾರೆ. ಆ ಒಂದು ನಿಮಿಷಕ್ಕೇ ಬೆಲೆ.

ಆಕ್ಸಿಜನ್ನಿಗೆ ಇನ್ನೂ ಬಿಡಿಸಿ ಕೇಳ್ಬೇಕು. ಹೊಸ ಸಿಲಿಂಡರ್ ಕೊಡ್ತೀರಾ, ಇಲ್ಲಾ ರೀಫಿಲ್ ಮಾತ್ರಾನಾ? ರೀಫಿಲ್ ಆದ್ರೆ ಖಾಲಿ ಸಿಲಿಂಡರ್ ನಾವೇ ತರ್ಬೇಕಾ? ಯಾವ ಸೈಜು? ರೆಗ್ಯುಲೇಟರ್, ಫ್ಲೋ ಮೀಟರ್, ಮಾಸ್ಕ್ ಜೊತೆಗೆ ಬರತ್ತಾ? ಡೆಪಾಸಿಟ್ ಎಷ್ಟು? ಡಾಕ್ಟರ್ ಚೀಟಿ, ಆಧಾರ್ ಬೇಕಾ? ಎಷ್ಟು ಹೊತ್ತು ಕ್ಯೂ? ರೆಗ್ಯುಲೇಟರ್ ಇಲ್ದೇ ಸಿಲಿಂಡರ್ ಮನೆಗೆ ತಂದು ಅದನ್ನ ನೋಡ್ತಾ ಕೂತಿದ್ದ ಒಂದು ಮನೆಯವರ ಜೊತೆ ನಾನು ಮಾತಾಡಿದ್ದೀನಿ, ಆ ಕಾಲ್ ಆದ್ಮೇಲೇನೇ ನಮ್ಮ ಶೀಟಿಗೆ ರೆಗ್ಯುಲೇಟರ್ ಅಂತ ಬೇರೆ ಕಾಲಂ ಬಂದಿದ್ದು. ಒಂದು ಚಿಕ್ಕ ಲೆಕ್ಕಾನೂ ಶೀಟಲ್ಲಿ ಇಡಿ: ಬಿ ಟೈಪ್ ಸಿಲಿಂಡರಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್, ಜಂಬೋ ಅಂತಾರಲ್ಲ ಡಿ ಟೈಪು, ಅದ್ರಲ್ಲಿ ಸುಮಾರು 7,000 ಲೀಟರ್. ನಿಮಿಷಕ್ಕೆ 5 ಲೀಟರ್ ಹಾಗೆ ಬಿಟ್ರೆ ಬಿ ಟೈಪ್ ಐದು ಗಂಟೆ, ಜಂಬೋ ಇಪ್ಪತ್ಮೂರು ಗಂಟೆ ಹತ್ರ ಬರತ್ತೆ. ಇದು ಗೊತ್ತಿದ್ರೆ ಮನೆಯವರು ಖಾಲಿ ಆಗೋಕೆ ಮುಂಚೆನೇ ಮುಂದಿನದನ್ನ ಹುಡುಕೋಕೆ ಶುರು ಮಾಡ್ತಾರೆ. ಎಷ್ಟು ಲೀಟರ್ ಬಿಡ್ಬೇಕು ಅನ್ನೋದು ಮಾತ್ರ ಡಾಕ್ಟರ್ ಹೇಳ್ಬೇಕು, ನಾವಲ್ಲ.

ಫೋನ್ ಎತ್ತಿದೋರ ಹತ್ರ ಮರ್ಯಾದೆಯಿಂದ ಮಾತಾಡಿ, ಅವರೂ ಮೂರು ದಿನದಿಂದ ಮಲಗಿರಲ್ಲ. ಕೊನೆಗೆ "ನಿಮ್ಮ ನಂಬರ್ ಪಟ್ಟಿಯಲ್ಲಿ ಇಡ್ಲಾ, ಇಲ್ಲಾ ತೆಗೀಲಾ" ಅಂತ ಕೇಳಿ. ತೆಗೀರಿ ಅಂದ್ರೆ ಆಗ್ಲೇ ತೆಗೀರಿ, ಬೇರೆ ಗ್ರೂಪಲ್ಲಿ ಕಂಡ್ರೆ ಅಲ್ಲೂ ಹೋಗಿ ಹೇಳಿ. ಪೀಣ್ಯದ ಆ ಅಂಗಡಿಯವರ ನಂಬರ್ ತೆಗೆಸೋಕೆ ನಾವು ಇಬ್ಬರು ಎರಡು ದಿನ ಗ್ರೂಪಿಂದ ಗ್ರೂಪಿಗೆ ಹೋಗಿ ಕೇಳ್ಕೊಂಡ್ವಿ, ಪೂರ್ತಿ ಆಗ್ಲಿಲ್ಲ, ಯಾಕಂದ್ರೆ ಅದು ಪೋಸ್ಟರ್ ಆಗಿಬಿಟ್ಟಿತ್ತು.

ಪೋಸ್ಟರ್ ಮಾಡ್ಬೇಡಿ

ಇದನ್ನ ಬೇರೆಯಾಗೇ ಹೇಳ್ತೀನಿ. ಚಂದದ ಬಣ್ಣ ಹಾಕಿ, ನಂಬರ್ ಪಟ್ಟಿ ಇರೋ ಇಮೇಜ್ ಮಾಡಿ ಹಂಚೋದು ಎಲ್ರಿಗೂ ಇಷ್ಟ, ಆದ್ರೆ ಇಮೇಜನ್ನ ಒಂದ್ಸಲ ಬಿಟ್ಮೇಲೆ ತಿದ್ದೋಕಾಗಲ್ಲ. ಲಿಂಕ್ ಕಳಿಸಿ, ಲಿಂಕ್ ತೆಗೆದ್ರೆ ಯಾವಾಗ್ಲೂ ಹೊಸದೇ ಕಾಣತ್ತೆ. ಇಂಟರ್ನೆಟ್ ಸರಿ ಇಲ್ದೇ ಇರೋರಿಗೆ ಟೆಕ್ಸ್ಟ್ ಮೆಸೇಜ್ ಕಳಿಸಿ, ಮೊದಲನೇ ಸಾಲಲ್ಲೇ ಟೈಮ್ ಇರ್ಲಿ, ಕೆಳಗಡೆ ಹಾಕಿದ್ರೆ ಫಾರ್ವರ್ಡ್ ಮಾಡೋರು ಕಟ್ ಮಾಡ್ತಾರೆ. ನಾವು ಕಳಿಸ್ತಿದ್ದ ರೀತಿ:

"ಮೇ 3, ಸಂಜೆ 6:20ಕ್ಕೆ ಚೆಕ್ ಮಾಡಿದ್ದು. ರಾತ್ರಿ 8:20 ಆದ್ಮೇಲೆ ಇದನ್ನ ಯಾರಿಗೂ ಕಳಿಸಬೇಡಿ. ಆಕ್ಸಿಜನ್ ರೀಫಿಲ್, ಬಿ ಟೈಪ್ ಮಾತ್ರ, ಖಾಲಿ ಸಿಲಿಂಡರ್ ಮತ್ತೆ ಡಾಕ್ಟರ್ ಚೀಟಿ ತರ್ಬೇಕು, ಕ್ಯೂ ಒಂದೂವರೆ ಗಂಟೆ. ಜಾಗ, ನಂಬರ್ ಕೆಳಗಿದೆ. ಸಿಗ್ಲಿಲ್ಲ ಅಂದ್ರೆ ದಯವಿಟ್ಟು ನಮಗೆ ತಿರುಗಿ ಹೇಳಿ."

ಕೊನೆ ಸಾಲು ಬಿಡಬೇಡಿ. ತಿರುಗಿ ಹೇಳೋರಿಂದಾನೇ ಶೀಟ್ ಜೀವಂತವಾಗಿ ಇರೋದು.

ಟ್ವಿಟರಲ್ಲಿ (ಈಗ ಎಕ್ಸ್) ಹುಡುಕೋರು ಟಾಪ್ ಅನ್ನೋದು ಬಿಟ್ಟು ಲೇಟೆಸ್ಟ್ ಅನ್ನೋದ್ರಲ್ಲಿ ನೋಡ್ಬೇಕು, ಟಾಪಲ್ಲಿ ಕಾಣೋದು ಜಾಸ್ತಿ ಲೈಕ್ ಬಂದಿರೋದು, ಅಂದ್ರೆ ಹಳೇದು. ಊರಿನ ಹೆಸರು, ಬೇಕಾಗಿರೋದು, "ವೆರಿಫೈಡ್" ಅನ್ನೋ ಪದ ಹಾಕಿ, "ನೀಡೆಡ್" "ರಿಕ್ವೈರ್ಡ್" ಅನ್ನೋ ಪದಗಳು ಶುರುವಾಗೋ ಕಡೆ ಅಂಟಿಸಿ ಮೈನಸ್ ಚಿಹ್ನೆ ಹಾಕಿದ್ರೆ ಕೇಳೋರ ಪೋಸ್ಟ್ ಹೋಗಿ ಕೊಡೋರದ್ದು ಮಾತ್ರ ಉಳಿಯತ್ತೆ. ಆದ್ರೆ "ವೆರಿಫೈಡ್" ಅಂತ ಬರ್ದಿದ್ದಾರೆ ಅಂದ ಮಾತ್ರಕ್ಕೆ ನಂಬೋ ಹಾಗಿಲ್ಲ, ಆ ಪದವನ್ನೂ ಕಾಪಿ ಪೇಸ್ಟ್ ಮಾಡಿರ್ತಾರೆ. ನೀವೇ ಕಾಲ್ ಮಾಡೋವರೆಗೂ ಅದು ಬರೀ ಸುಳಿವು.

ಮೋಸ ಮಾಡೋರೂ ಇದ್ರು, ಇರ್ತಾರೆ. ಲಕ್ಷಣ ಒಂದೇ ಥರ: ಅಡ್ರೆಸ್ ಕೇಳಿದ್ರೆ ಹೇಳಲ್ಲ, ಲೊಕೇಶನ್ ಕಳಿಸಲ್ಲ, ಪೂರ್ತಿ ದುಡ್ಡು ಮೊದ್ಲೇ ಯುಪಿಐ ಮಾಡಿ ಅಂತಾರೆ, ಹತ್ತು ನಿಮಿಷದಲ್ಲಿ ಹಾಕಿಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ ಅಂತ ಅವಸರ ಮಾಡ್ತಾರೆ. ಅಂಥ ನಂಬರನ್ನ ಡಿಲೀಟ್ ಮಾಡ್ಬೇಡಿ, "ಮೋಸ" ಅಂತ ಮಾರ್ಕ್ ಮಾಡಿ ನಿಮ್ಮ ಒಳಗಿನ ಟ್ಯಾಬಲ್ಲಿ ಇಟ್ಕೊಳ್ಳಿ, ಡಿಲೀಟ್ ಮಾಡಿದ್ರೆ ನಾಳೆ ಅದೇ ನಂಬರ್ ಬೇರೆ ಹೆಸರಲ್ಲಿ ಮತ್ತೆ ಬರತ್ತೆ. ದುಡ್ಡು ಹೋಗಿದ್ರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕಾಲ್ ಮಾಡ್ಸಿ.

ಚಿಕಿತ್ಸೆ ವಿಷಯ ಗುಂಪಿನ ಕೆಲ್ಸ ಅಲ್ಲ

ಸಿಲಿಂಡರ್ ಎಲ್ಲಿದೆ ಅನ್ನೋದನ್ನ ಹದಿನಾಲ್ಕು ಜನ ಸೇರಿ ಪತ್ತೆ ಮಾಡಬಹುದು. ಯಾವ ಔಷಧಿ ತಗೋಬೇಕು ಅನ್ನೋದನ್ನ ಹದಿನಾಲ್ಕು ಸಾವಿರ ಜನ ಸೇರಿದ್ರೂ ವೋಟ್ ಹಾಕಿ ತೀರ್ಮಾನ ಮಾಡೋಕಾಗಲ್ಲ. ಆ ವಿಷಯ ಬಂದ್ರೆ ನಮ್ಮ ಕೆಲ್ಸ ಅಧಿಕೃತ ಮಾರ್ಗಸೂಚಿ ಎಲ್ಲಿದೆ, ಅದ್ರ ತಾರೀಕು ಯಾವುದು ಅಂತ ತೋರಿಸೋದು ಮಾತ್ರ.

ತಾರೀಕು ಯಾಕೆ ಅಂದ್ರೆ, ಪ್ಲಾಸ್ಮಾ (ಕೋವಿಡ್ ವಾಸಿಯಾದೋರ ರಕ್ತದಿಂದ ತೆಗೆದು ಪೇಷೆಂಟಿಗೆ ಕೊಡ್ತಿದ್ದ ದ್ರವ) ನೆನಪು ಮಾಡ್ಕೊಳ್ಳಿ. ಏಪ್ರಿಲ್ ಮೇ ಎಲ್ಲಾ ಗ್ರೂಪಲ್ಲೂ ಪ್ಲಾಸ್ಮಾ ಬೇಕು ಪ್ಲಾಸ್ಮಾ ಬೇಕು ಅಂತ ಜನ ಅಂಗಲಾಚ್ತಿದ್ರು. 2021ರ ಮೇ 17ಕ್ಕೆ ಕೇಂದ್ರದ ಮಾರ್ಗಸೂಚಿಯಿಂದ ಪ್ಲಾಸ್ಮಾ ಚಿಕಿತ್ಸೆನೇ ತೆಗೆದ್ರು. ಅದಾದ್ಮೇಲೂ ಹಳೇ ಮೆಸೇಜ್ ಓಡಾಡ್ತಾನೇ ಇತ್ತು, ಡೋನರ್ ಹುಡುಕೋಕೆ ಮನೆಯವರು ಊರೂರು ಫೋನ್ ಮಾಡ್ತಾನೇ ಇದ್ರು. ರೆಮ್ಡೆಸಿವಿರ್ ಕಥೆನೂ ಅದೇ, ಆಸ್ಪತ್ರೆಯಲ್ಲಿ ಅಡ್ಮಿಟ್ ಆದೋರಿಗೆ ಡಾಕ್ಟರ್ ನೋಡಿ ಕೊಡೋ ಇಂಜೆಕ್ಷನ್ ಅದು, ಮನೆಯಲ್ಲಿ ಇರೋರಿಗೂ ಬೇಕು ಅಂತ ಜನ ಬ್ಲ್ಯಾಕಲ್ಲಿ ತಂದ್ರು, ನಕಲಿನೂ ಸಿಕ್ತು. ಅದಕ್ಕೆ ನಿಮ್ಮ ಗ್ರೂಪಲ್ಲಿ ಒಬ್ಬರೋ ಇಬ್ಬರೋ ಡಾಕ್ಟರ್ ಇರೋ ಹಾಗೆ ನೋಡ್ಕೊಳ್ಳಿ, ದಿನಕ್ಕೆ ಹತ್ತು ನಿಮಿಷ ಕೊಟ್ರೂ ಸಾಕು, ಇವತ್ತು ಯಾವ ಮಾರ್ಗಸೂಚಿ ಬದಲಾಗಿದೆ ಅಂತ ಒಂದು ವಾಯ್ಸ್ ನೋಟ್ ಹಾಕ್ಲಿ, ವಾಯ್ಸ್ ನೋಟಲ್ಲೂ ಮೊದ್ಲು ತಾರೀಕು ಬಾಯಲ್ಲಿ ಹೇಳ್ಲಿ.

ಇನ್ನು ಮನೆ ಗ್ರೂಪ್. ಕರ್ಪೂರ, ಲವಂಗ, ಓಮಿನಕಾಳು ಗಂಟು ಕಟ್ಟಿ ಮೂಸಿದ್ರೆ ಆಕ್ಸಿಜನ್ ಏರತ್ತೆ, ಮೂಗಿಗೆ ನಿಂಬೆರಸ ಬಿಟ್ರೆ ಕೊರೊನಾ ಹೋಗತ್ತೆ, ಇವೆಲ್ಲ ಎಷ್ಟು ಬಂತು. ತಿಪಟೂರಲ್ಲಿರೋ ನಮ್ಮ ದೊಡ್ಡಪ್ಪ ನಿಂಬೆರಸದ ವಿಡಿಯೋ ಹಾಕಿದ್ರು, ನಾನು ಅವಸರದಲ್ಲಿ ಗ್ರೂಪಲ್ಲೇ "ಇದು ಸುಳ್ಳು" ಅಂತ ಲಿಂಕ್ ಹಾಕ್ಬಿಟ್ಟೆ. ಅವರು ಮುನಿಸ್ಕೊಂಡ್ರು, ಅವರ ಪರ ಇಬ್ರು ಮಾವಂದ್ರು ನಿಂತ್ರು, ವಿಡಿಯೋ ಇನ್ನೂ ನಾಲ್ಕು ಕಡೆ ಹೋಯ್ತು. ಎರಡನೇ ಸಲ ಬುದ್ಧಿ ಬಂತು, ಫೋನ್ ಮಾಡಿ "ದೊಡ್ಡಪ್ಪ, ಅದನ್ನ ಮೂಗಿಗೆ ಬಿಟ್ಕೊಂಡ್ರೆ ಉಸಿರಿನ ದಾರಿಗೆ ತೊಂದ್ರೆ ಆಗತ್ತಂತೆ, ನೀವು ಹೇಳಿದ್ರೆ ಎಲ್ರೂ ಮಾಡ್ತಾರೆ, ಅದಕ್ಕೇ ಹೆದರಿಕೆ ನನಗೆ, ಬದ್ಲು ಆಕ್ಸಿಮೀಟರ್ ಇಟ್ಕೊಂಡು 94ಕ್ಕಿಂತ ಕೆಳಗೆ ಬಂದ್ರೆ ಡಾಕ್ಟರ್‌ಗೆ ಫೋನ್ ಮಾಡಿ ಅಂತ ನೀವೇ ಹಾಕ್ತೀರಾ" ಅಂದೆ. ಅವರೇ ಹಾಕಿದ್ರು. ಅವರು ಹಾಕಿದ್ದಕ್ಕೆ ಯಾರೂ ಎದುರು ಮಾತಾಡ್ಲಿಲ್ಲ. ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ರೆ ಅದು ತುಂಬಾ ಕೈ ದಾಟಿ ಬಂದಿದೆ ಅಂತ ಅರ್ಥ, 2020ರ ಏಪ್ರಿಲ್‌ನಿಂದ ವಾಟ್ಸಾಪ್ ಅಂಥದ್ದನ್ನ ಒಂದು ಸಲಕ್ಕೆ ಒಂದೇ ಚಾಟಿಗೆ ಫಾರ್ವರ್ಡ್ ಮಾಡೋ ಹಾಗೆ ಮಾಡಿದೆ. ಆ ಗುರುತು ನೋಡೋದನ್ನ ಮನೆ ಹಿರಿಯರಿಗೆ ತೋರಿಸಿಕೊಡಿ, ಒಂದೇ ನಿಮಿಷದ ಕೆಲ್ಸ.

ಅಂಕಿ ಸಂಖ್ಯೆ ಹಾಕೋರಿಗೆ, ವಿಕಿಪೀಡಿಯದಲ್ಲಿ ಬರೆಯೋರಿಗೆ

ಫೋನ್ ಮಾಡೋಕೆ ಆಗದೋರು, ಹಗಲು ಕೆಲ್ಸ ಇರೋರು ಇದನ್ನ ಮಾಡ್ಬಹುದು. 2003ರಿಂದ ಇರೋ ಕನ್ನಡ ವಿಕಿಪೀಡಿಯದಲ್ಲಿ ಯಾರು ಬೇಕಾದ್ರೂ ಬರೀಬಹುದು, ರೋಗದ ಬಗ್ಗೆ ಕನ್ನಡದಲ್ಲಿ ಗೂಗಲ್ ಮಾಡಿದ್ರೆ ಅದೂ ಮೇಲ್ಗಡೆ ಬರತ್ತೆ, ಅಂದ್ರೆ ಹಳ್ಳಿಯಲ್ಲಿ ಇರೋ ಪಿಯುಸಿ ಹುಡುಗಿ ಮನೆಯವರಿಗೆ ಓದಿ ಹೇಳೋದು ಅದೇ ಆಗಿರಬಹುದು. ಅಲ್ಲಿ ಒಂದು ವಾಕ್ಯ ಸೇರಿಸಿದ್ರೂ ಉಲ್ಲೇಖ ಹಾಕಿ. ರೋಗ, ಔಷಧಿ ವಿಷಯಕ್ಕೆ ಪತ್ರಿಕೆಯಲ್ಲಿ ಬಂದ "ಹೊಸ ಸಂಶೋಧನೆ" ಸುದ್ದಿ ಸಾಲದು, ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯ ಇಲಾಖೆ, ಐಸಿಎಂಆರ್ ಪ್ರಕಟಣೆ, ಇಲ್ಲಾ ಹತ್ತಾರು ಅಧ್ಯಯನ ಒಟ್ಟು ನೋಡಿ ಬರೆದ ವಿಮರ್ಶಾ ಲೇಖನ ಬೇಕು. "ಇಲ್ಲಿಯವರೆಗೆ ಇಷ್ಟು ಕೇಸ್" ಅಂತ ಬರೀಬೇಡಿ, "2021ರ ಮೇ 5ರ ಹೊತ್ತಿಗೆ ಇಷ್ಟು" ಅಂತ ಬರೀರಿ. ಯಾರಾದ್ರೂ ನೀವು ಬರ್ದಿದ್ದನ್ನ ತೆಗೆದ್ರೆ ಜಗಳಕ್ಕೆ ಹೋಗ್ದೆ ಚರ್ಚೆ ಪುಟದಲ್ಲಿ ಕೇಳಿ, ಇತಿಹಾಸ ನೋಡಿದ್ರೆ ಯಾಕೆ ತೆಗೆದ್ರು ಅಂತ ಬಹಳ ಸಲ ಅಲ್ಲೇ ಇರತ್ತೆ. 2020ರ ಅಕ್ಟೋಬರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ವಿಕಿಪೀಡಿಯ ನಡೆಸೋ ವಿಕಿಮೀಡಿಯಾ ಫೌಂಡೇಶನ್ನೂ ಸೇರಿ, ಸಂಸ್ಥೆಯ ಚಿತ್ರ ವಿಡಿಯೋಗಳನ್ನ ಯಾರು ಬೇಕಾದ್ರೂ ಬಳಸೋ ಹಾಗೆ ಕಾಮನ್ಸಿಗೆ (ಅದೇ ಫೌಂಡೇಶನ್ನಿನ ಚಿತ್ರ ವಿಡಿಯೋ ಭಂಡಾರ) ಹಾಕೋ ಒಪ್ಪಂದ ಮಾಡ್ಕೊಂಡ್ರು, ಅಂಥದ್ದು ಸಿಕ್ಕಿದ್ರೆ ಅದ್ರ ಬರಹನ ಕನ್ನಡಕ್ಕೆ ತಂದು ಹಾಕಿ.

ಕನ್ನಡಕ್ಕೆ ತರುವಾಗ ಜನ ಆಡೋ ಪದಾನೇ ಇಡಿ. ಕ್ವಾರಂಟೈನ್, ಐಸೋಲೇಶನ್ ಎಲ್ರ ಬಾಯಲ್ಲೂ ಇದೆ, ಆದ್ರೆ ಎರಡೂ ಒಂದೇ ಅಂದ್ಕೊಂಡಿದ್ದಾರೆ. ರೋಗ ತಗುಲಿರಬಹುದು ಅಂತ ಅನುಮಾನ ಇರೋರನ್ನ ದೂರ ಇಡೋದು ಕ್ವಾರಂಟೈನ್, ತಗುಲಿದೆ ಅಂತ ಗೊತ್ತಾದೋರನ್ನ ಬೇರೆ ಇಡೋದು ಐಸೋಲೇಶನ್, ಈ ಒಂದು ವಾಕ್ಯ ಬರೆದ್ರೆ ಹೊಸ ಪದ ಹುಟ್ಟಿಸೋದಕ್ಕಿಂತ ಉಪಕಾರ. ತುಳು, ಕೊಂಕಣಿ, ಉರ್ದು, ಲಂಬಾಣಿ ಮಾತಾಡೋ ಮನೆಗಳಿಗೆ ಅವರ ಮಾತಲ್ಲೇ ವಾಯ್ಸ್ ನೋಟ್ ಮಾಡೋರು ಸಿಕ್ಕಿದ್ರೆ ಬಿಡಬೇಡಿ.

ಬುಲೆಟಿನ್ ನೋಡಿ ಲೆಕ್ಕ ಹಾಕೋರು ಒಂದು ವಿಷಯ ನೆನಪಿಡಿ. 2020ರಲ್ಲಿ ಕೆಲವು ತಿಂಗಳು ನಮ್ಮ ಆರೋಗ್ಯ ಇಲಾಖೆ ಮಧ್ಯಾಹ್ನ ಒಂದು, ಸಂಜೆ ಒಂದು ಬುಲೆಟಿನ್ ಬಿಡ್ತಿತ್ತು, ಸಂಜೆಯದ್ರಲ್ಲಿ ಮಧ್ಯಾಹ್ನದ ಲೆಕ್ಕನೂ ಸೇರಿರ್ತಿತ್ತು, ಎರಡನ್ನೂ ಕೂಡಿದೋರು ಜಿಲ್ಲೆಯ ಕೇಸನ್ನ ಹೆಚ್ಚು ಮಾಡಿ ಹೆದರಿಸಿದ್ರು. ಇವತ್ತಿನ ಬುಲೆಟಿನಲ್ಲಿರೋ ಸಾವೆಲ್ಲ ಇವತ್ತೇ ಆಗಿದ್ದು ಅಂತಾನೂ ಅಲ್ಲ, ಹಿಂದಿನ ದಿನಗಳದ್ದು ಸೇರಿರತ್ತೆ. ಇದನ್ನ ಬಿಡಿಸಿ ಹೇಳಿ.

ಪೇಷೆಂಟ್ ಹೆಸರು ಹಾಕ್ಬೇಡಿ

2020ರ ಮಾರ್ಚಲ್ಲಿ ಹೋಮ್ ಕ್ವಾರಂಟೈನಲ್ಲಿ ಇದ್ದೋರ ಮನೆ ವಿಳಾಸದ ಪಟ್ಟಿ ಬಹಿರಂಗ ಆಗಿ ವಾಟ್ಸಾಪಲ್ಲಿ ಓಡಾಡಿತ್ತು. ಅಂಥ ಪಟ್ಟಿ ಕೈಗೆ ಸಿಕ್ಕಾಗ ಅಕ್ಕಪಕ್ಕದೋರು ಹಾಲು ಪೇಪರ್ ನಿಲ್ಸೋದು, ಮನೆ ಖಾಲಿ ಮಾಡಿ ಅನ್ನೋದು ಶುರುವಾಗತ್ತೆ. ಸಹಾಯ ಕೇಳೋ ಪೋಸ್ಟಲ್ಲಿ ಬೇಕಾಗಿರೋದು ವಯಸ್ಸು, ಏರಿಯಾ, ಸ್ಯಾಚುರೇಶನ್, ಏನು ಬೇಕು, ಜೊತೆಯಲ್ಲಿ ಇರೋರ ಒಂದು ನಂಬರ್, ಯಾವ ಟೈಮಿಗೆ ಬರೆದಿದ್ದು. ಪೇಷೆಂಟ್ ಹೆಸರು, ಆಧಾರ್ ಫೋಟೋ, ಸಿಟಿ ಸ್ಕ್ಯಾನ್ ರಿಪೋರ್ಟ್, ಜಾತಿ ಧರ್ಮ ಇವ್ಯಾವುದೂ ಬೇಡ. ಎಸ್‌ಆರ್‌ಎಫ್ ಐಡಿ (ಟೆಸ್ಟಿಗೆ ಸ್ಯಾಂಪಲ್ ಕೊಟ್ಟಾಗ ಸಿಗ್ತಿದ್ದ ನಂಬರ್), ಬಿಯು ನಂಬರ್ ಥರದ್ದು ಕೇಳಿದೋರಿಗೆ ಮಾತ್ರ ಪ್ರೈವೇಟಾಗಿ ಕೊಡಿ. ಹೆಣ್ಮಕ್ಕಳು ವಾಲಂಟಿಯರ್ ಆಗೋರು ಸ್ವಂತ ನಂಬರ್ ಹಾಕ್ಬೇಡಿ, ಗುಂಪಿಗೇ ಒಂದು ಬೇರೆ ಸಿಮ್ ತಗೊಳ್ಳಿ. 2021ರಲ್ಲಿ ನಂಬರ್ ಹಾಕಿದ ಎಷ್ಟೋ ಹುಡುಗೀರಿಗೆ ಕೆಟ್ಟ ಮೆಸೇಜ್ ಬಂದಿದ್ವು, ನಮ್ಮ ಗುಂಪಲ್ಲಿ ಒಬ್ಬಳು ಅದೇ ಕಾರಣಕ್ಕೆ ಬಿಟ್ಟು ಹೋದ್ಲು, ನಮ್ಮ ಗುಂಪಲ್ಲಿ ಫೋನಲ್ಲಿ ಅಷ್ಟು ತಾಳ್ಮೆಯಿಂದ ಮಾತಾಡೋರು ಇನ್ಯಾರೂ ಇರ್ಲಿಲ್ಲ.

ಸಹಾಯ ಕೇಳಿ ಪೋಸ್ಟ್ ಹಾಕಿದ್ರೆ ಕೇಸ್ ಹಾಕ್ತಾರಾ ಅಂತ ಹೆದರೋರಿಗೆ: 2021ರ ಏಪ್ರಿಲ್ 30ಕ್ಕೆ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತ್ತು, ಆಕ್ಸಿಜನ್ ಬೆಡ್ ಬೇಕು ಅಂತ ಸೋಶಿಯಲ್ ಮೀಡಿಯಾದಲ್ಲಿ ಕಷ್ಟ ಹೇಳ್ಕೊಳ್ಳೋರ ಮೇಲೆ ಕ್ರಮ ತಗೊಂಡ್ರೆ ನ್ಯಾಯಾಂಗ ನಿಂದನೆ ಅಂತ ನೋಡ್ತೀವಿ ಅಂತ. ಆದ್ರೆ ಬೇಕಂತಲೇ ಸುಳ್ಳು ಹಬ್ಬಿಸಿ ಗಾಬರಿ ಹುಟ್ಟಿಸೋದು ಬೇರೆ, 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಸೆಕ್ಷನ್ 54ರಲ್ಲಿ ಅದಕ್ಕೆ ಒಂದು ವರ್ಷದವರೆಗೆ ಜೈಲು ಇಲ್ಲಾ ದಂಡ ಇದೆ.

ಪಾಳಿ ಮತ್ತೆ ಮುಗಿಸೋದು

ಒಬ್ಬರಿಗೆ ದಿನಕ್ಕೆ ನಾಲ್ಕು ಗಂಟೆ ಮೇಲೆ ಕೊಡ್ಬೇಡಿ. ರಾತ್ರಿ ಪಾಳಿಗೆ ಯಾವಾಗ್ಲೂ ಇಬ್ಬರು ಇರ್ಲಿ, ಒಬ್ಬರೇ ಕೂತಾಗ "ಬೇಡ ಬಿಡಿ ಮೇಡಂ, ಅಪ್ಪ ಹೋಗ್ಬಿಟ್ರು" ಅನ್ನೋ ಕಾಲ್ ಬಂದ್ರೆ ಮುಂದಿನ ನಂಬರ್ ಒತ್ತೋಕೆ ಕೈ ಬರಲ್ಲ. ಪಾಳಿ ಬಿಡುವಾಗ ಬಾಕಿ ಇರೋ ಕೇಸನ್ನ ಮುಂದಿನೋರಿಗೆ ಫೋನಲ್ಲಿ ಬಾಯಿಬಿಟ್ಟು ಹೇಳಿ, ಶೀಟಲ್ಲಿ ಇದೆ ನೋಡ್ಕೊಳ್ಳಿ ಅಂತ ಹೇಳಿ ಹೋಗ್ಬೇಡಿ.

ಅಲೆ ಇಳಿದಾಗ ಗ್ರೂಪನ್ನ ಹಾಗೇ ಬಿಟ್ಟು ಹೋಗ್ಬೇಡಿ. ಕೋವಿಡ್19ಇಂಡಿಯಾದೋರು 2021ರ ಅಕ್ಟೋಬರ್ 31ಕ್ಕೆ ನಿಲ್ಲಿಸ್ತೀವಿ ಅಂತ ಮೊದ್ಲೇ ಹೇಳಿ ನಿಲ್ಲಿಸಿದ್ರು, ಎಲ್ರೂ ಹಾಗೇ ಮಾಡ್ಬೇಕು. ಶೀಟಿನ ಮೇಲೆ "ಇಂಥ ದಿನಕ್ಕೆ ಮುಚ್ಚಿದೆ, ಇದ್ರಲ್ಲಿರೋ ಯಾವ ನಂಬರಿಗೂ ಫೋನ್ ಮಾಡ್ಬೇಡಿ" ಅಂತ ಬರೀರಿ, ಆಮೇಲೆ ಪಬ್ಲಿಕ್ ಲಿಂಕ್ ಆಫ್ ಮಾಡಿ. ಜನರ ಫೋನ್ ನಂಬರ್, ವಿಳಾಸ ಇರೋ ಕಾಲಂಗಳನ್ನ ಪೂರ್ತಿ ಅಳಿಸಿ, ಎಲ್ಲೆಲ್ಲಿ ಏನು ತೊಂದ್ರೆ ಆಯ್ತು ಅನ್ನೋ ನೋಟ್ಸ್ ಮಾತ್ರ ಉಳಿಸ್ಕೊಳ್ಳಿ. ವರ್ಷನ್ ಹಿಸ್ಟರಿಯಲ್ಲಿ ಹಳೇದು ಹಾಗೇ ಕೂತಿರತ್ತೆ, ಅದಕ್ಕೇ ನೋಟ್ಸ್ ಬೇಕಂದ್ರೆ ಹೊಸ ಶೀಟಿಗೆ ಕಾಪಿ ಮಾಡಿ, ಹಳೇ ಶೀಟನ್ನೇ ಡಿಲೀಟ್ ಮಾಡಿ, ಟ್ರ್ಯಾಶಿಂದಾನೂ ತೆಗೀರಿ.

ನಾವು ಮುಚ್ಚಿದ್ದು ಜೂನ್ ಕೊನೆಗೆ. ಮುಚ್ಚೋ ಮುಂಚೆ ಶೀಟಲ್ಲಿದ್ದ ಸಪ್ಲೈಯರ್‌ಗಳಿಗೆಲ್ಲ ಒಂದೊಂದು ಫೋನ್ ಮಾಡಿ ನಿಮ್ಮ ನಂಬರ್ ತೆಗೀತಿದ್ದೀವಿ ಅಂತ ಹೇಳಿದ್ವಿ. ಪೀಣ್ಯದ ಅಂಗಡಿಯವರು ಈ ಸಲ ಮೊದಲನೇ ರಿಂಗಿಗೇ ಎತ್ತಿದ್ರು, ಈಗ ದಿನಕ್ಕೆ ಒಂದೋ ಎರಡೋ ಬರತ್ತಮ್ಮಾ, ಬಂದೋರಿಗೆ ಇಲ್ಲ ಅಂತ ಹೇಳಿ ಬೇರೆ ಯಾರ ಹತ್ರ ಇದೆ ಅಂತ ನಾನೇ ಕೇಳಿ ಹೇಳ್ತಿದ್ದೀನಿ ಅಂದ್ರು.